ಎಡಗಡೆಯ ಗಂಟು

“ಇನ್ನೊಂದು ಸಲ ಕೇಳ್ತೀನಿ. ಆ ಯಂತ್ರಾನ ನೀವು ಮೊದಲು ನೋಡಿದ್ದೆಲ್ಲಿ?”

ಮ್ಯೂನಿಕ್ ನ್ಯಾಯಾಲಯದ ಮೊಗಸಾಲೆಯಲ್ಲಿ ವಕೀಲೆ ಸೈಡ್ಲ್ ದನಿ ತಗ್ಗಿಸಿ ಕೇಳಿದಳು.

“ಹೋದ ವಾರ, ಬೇಕರಿ ಮೇಳದಲ್ಲಿ,” ಎಂದ ಓರ್ಟ್ವಿನ್ ಬ್ರಾಂಡ್ಲ್.

ಹಿಟ್ಟಿನ ಎಳೆಯನ್ನು ತಾನೇ ತಿರುಚಿ, ಎಡಕ್ಕೂ ಬಲಕ್ಕೂ ಒಂದೊಂದು ಗಂಟು ಹಾಕಿ ಪ್ರೆಟ್ಸೆಲ್ ಎಂಬ ಬ್ರೆಡ್ಡು ಮಾಡುವ ಯಂತ್ರ ಅವನ ಕಾರ್ಖಾನೆಯ ಉಸಿರು. ಪೇಟೆಂಟ್ ಅವನದೇ. ಈಗ ಅವನ ಅತ್ತಿಗೆ ವಾಲ್ಬುರ್ಗಾ ಅಂಥದೇ ಯಂತ್ರ ಕಟ್ಟಿ, ಅವನ ದೊಡ್ಡ ಗಿರಾಕಿಗೇ ಮಾರಿದ್ದಳು. ಸೋಮವಾರ ಲಾರಿಗಳು ಹೊರಡಲಿದ್ದವು. ಅಷ್ಟರೊಳಗೆ ತಡೆಯಾಜ್ಞೆ ಸಿಗದಿದ್ದರೆ ಕಾರ್ಖಾನೆಗೆ ಬೀಗ. ಪೂರ್ತಿ ಮೊಕದ್ದಮೆ ನಡೆಸಿ ಗೆಲ್ಲುವ ಹೊತ್ತಿಗೆ ಗೆದ್ದವನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಆದರೆ ತುರ್ತು ಆಜ್ಞೆ ಬೇಡುವವನಿಗೆ ಈ ನ್ಯಾಯಾಲಯದ ಕಟ್ಟುಪಾಡೊಂದಿತ್ತು. ನಕಲು ಕಣ್ಣಿಗೆ ಬಿದ್ದ ತಿಂಗಳೊಳಗೆ ಓಡಿ ಬರಬೇಕು. “ಬೆಂಕಿ ನೋಡಿಯೂ ಹೊದ್ದು ಮಲಗಿದವನಿಗೆ ಈಗೇನು ಅವಸರ ಅಂತಾರೆ,” ಎಂದು ಸೈಡ್ಲ್ ಮೊದಲ ದಿನವೇ ಎಚ್ಚರಿಸಿದ್ದಳು.

ಅಷ್ಟರಲ್ಲಿ ವಾಲ್ಬುರ್ಗಾಳೇ ಬಂದಳು. ತೋಳಿನಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ.

“ಏನೋ ಓರ್ಟ್ವಿನ್! ಈಸ್ಟರ್‌ಗೆ ಬಂದು ಹೊಟ್ಟೆತುಂಬ ತಿಂದು ಹೋದೋನು ಆಮೇಲೆ ಪತ್ತೇನೇ ಇಲ್ಲ. ನನ್ನ ಹಸಿರು ಸುಂದರಿ ಅಷ್ಟೊಂದು ಹೆದರಿಸಿಬಿಟ್ಟಳಾ?”

ಬೇಕೆಂದೇ ಎತ್ತಿದ ದನಿ. ಉತ್ತರಕ್ಕೂ ಕಾಯದೆ ಒಳಗೆ ನಡೆದಳು.

ಸೈಡ್ಲ್ ಅವನತ್ತ ತಿರುಗಿದಳು. “ಈಸ್ಟರ್‌ಗಾ? ಈಗ ಅಕ್ಟೋಬರ್!”

ಓರ್ಟ್ವಿನ್ ನಡೆದದ್ದನ್ನೆಲ್ಲ ಬಾಯಿ ಬಿಟ್ಟ. ಹಬ್ಬದೂಟ ಮುಗಿದ ಮೇಲೆ ಅತ್ತಿಗೆ ಅವನನ್ನು ಹಿತ್ತಲ ಶೆಡ್ಡಿಗೆ ಕರೆದೊಯ್ದು ಮುಸುಕು ಸರಿಸಿದ್ದಳು. ಒಳಗೆ ಹಸಿರು ಯಂತ್ರ; ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ತಟ್ಟೆ ಪ್ರೆಟ್ಸೆಲ್ ಇಳಿಸಿ ತೋರಿಸಿದಳು. ಎಲ್ಲದರಲ್ಲೂ ಎಡಗಡೆಯ ಗಂಟು ತುಸು ದಪ್ಪ. ಅವನ ಯಂತ್ರಗಳಿಗೂ ಅದೇ ಕಾಯಿಲೆ, ಏನು ಮಾಡಿದರೂ ವಾಸಿಯಾಗದ್ದು. ತಪ್ಪನ್ನೂ ಬಿಡದೆ ಕದ್ದಿದ್ದಾಳೆ ಎಂದು ಅವನ ಮೈ ಉರಿದಿತ್ತು. “ಇದರ ಕೈಗುಣ ನಿನಗೆ ಹೇಳಿಕೊಡಬೇಕಾ?” ಎಂದು ಅವಳು ನಕ್ಕಿದ್ದಳು.

ಅವನು ತುಟಿ ಬಿಚ್ಚಿರಲಿಲ್ಲ. ಹಬ್ಬದ ದಿನ, ತೀರಿಕೊಂಡ ಅಣ್ಣನ ಹೆಂಡತಿ, ಅವಳದೇ ಉಪ್ಪು. ಸಾಲದ್ದಕ್ಕೆ ಒಳಗೊಂದು ಮುಳ್ಳಿತ್ತು. ಯಂತ್ರದ ಕಲ್ಪನೆ ಅಣ್ಣನದು. ಅವನು ಹೋದ ಮೇಲೆ ಪೇಟೆಂಟ್ ಬಂದದ್ದು ತಮ್ಮನ ಹೆಸರಿಗೆ.

“ಅದೇ ಯಂತ್ರನಾ? ಖಾತ್ರಿನಾ?” ಎಂದಳು ಸೈಡ್ಲ್.

“ನನ್ನ ಯಂತ್ರದ ಗುರುತು ನನಗೆ ಸಿಗಲ್ವಾ ಮೇಡಂ? ಮೇಳದಲ್ಲಿ ದೂರದಿಂದ ಆ ಹಸಿರು ಕಂಡದ್ದೇ ಸಾಕಾಯ್ತು. ಹತ್ತಿರಕ್ಕೂ ಹೋಗಲಿಲ್ಲ.”

“ಹಾಗಾದ್ರೆ ಕೇಳಿ. ಪ್ರಮಾಣ ಮಾಡಿ ಹೇಳೋದು ನೀವು. ಸುಳ್ಳಿಗೆ ನಾನು ಜೊತೆ ನಿಲ್ಲಲ್ಲ. ಸಿಕ್ಕಿಬಿದ್ರೆ ಜೈಲು.”

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಕಾರ್ಖಾನೆ ಹೋಯಿತು. ಸುಳ್ಳು ಹೇಳೋಣವೆಂದರೆ, ನಿಜ ಬಲ್ಲವಳು ಒಳಗೆ ಎದುರಿಗೇ ಕೂತಿರುತ್ತಾಳೆ. ಅಷ್ಟರಲ್ಲಿ ಕರೆ ಬಂತು; ಇಬ್ಬರೂ ಒಳಗೆ ಹೋದರು.

ನ್ಯಾಯಾಧೀಶೆ ಬಳಸಿ ಮಾತಾಡುವವಳಲ್ಲ. “ಬ್ರಾಂಡ್ಲ್ ಅವರೇ, ಈ ಯಂತ್ರ ನಿಮಗೆ ಮೊದಲು ಕಂಡದ್ದು ಯಾವಾಗ?”

ಅವನು ಅತ್ತಿಗೆಯ ಕಡೆ ನೋಡಿದ. ಇಗರ್ಜಿಯಲ್ಲಿ ಕೂತವಳ ಹಾಗೆ ಕೈ ಜೋಡಿಸಿ ಕೂತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಲ್ಲಿಂದ ಮುಂದೆ ಜಾರಲಿಲ್ಲ.

“ಈಸ್ಟರ್‌ಗೆ. ಅತ್ತಿಗೆ ಮನೆಯ ಶೆಡ್ಡಿನಲ್ಲಿ.”

ಪಕ್ಕದಲ್ಲಿ ಸೈಡ್ಲ್ ಕಣ್ಣು ಮುಚ್ಚಿಕೊಂಡಳು. ಎದುರು ಪಕ್ಷದ ವಕೀಲ ಅರ್ಧ ಎದ್ದು, “ಅರ್ಜಿದಾರರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ,” ಎಂದಷ್ಟೇ ಹೇಳಿ ಕೂತ. ತುರ್ತಿಲ್ಲವೆಂದು ಅರ್ಜಿ ವಜಾ ಆಯಿತು.

ಓರ್ಟ್ವಿನ್ ಕಂಬಿ ಹಿಡಿದು ಮೆಟ್ಟಿಲಿಳಿದ. ಆದರೂ ಎದೆಯ ಮೂಲೆಯಲ್ಲೊಂದು ಸಣ್ಣ ಸಮಾಧಾನ: ಎಲ್ಲ ಹೋದರೂ ನಿಜವನ್ನೇ ಹೇಳಿದೆ.

ಕೆಳಗೆ ವಾಲ್ಬುರ್ಗಾ ಕಾದಿದ್ದಳು. ಬುಟ್ಟಿಯಿಂದ ಒಂದು ಪ್ರೆಟ್ಸೆಲ್ ತೆಗೆದು ಅವನ ಕೈಗಿಟ್ಟಳು.

“ತಿನ್ನು. ಮೇಳದಲ್ಲಿಟ್ಟಿದ್ದ ಯಂತ್ರದ್ದು. ನಮ್ಮ ಓರ್ಟ್ವಿನ್ ಪ್ರಮಾಣ ಮಾಡಿ ಸುಳ್ಳಾಡೋನಲ್ಲ ಅಂತ ನಿಮ್ಮಣ್ಣ ಹೇಳ್ತಿದ್ರು. ಆ ಮಾತನ್ನೇ ನಂಬಿ ಕೂತಿದ್ದೆ ನಾನು.”

ಓರ್ಟ್ವಿನ್ ಅಭ್ಯಾಸಬಲದಿಂದ ಅದನ್ನು ತಿರುಗಿಸಿ ನೋಡಿದ. ಎಡ, ಬಲ, ಎರಡು ಗಂಟೂ ಒಂದೇ ಸಮ. ಇನ್ನೊಂದು ಸಲ ನೋಡಿದ.

“ಈಸ್ಟರ್‌ಗೆ ನೀನು ನೋಡಿದ್ದು ನಿನ್ನದೇ ಯಂತ್ರ ಕಣೋ,” ಎಂದಳು ಅತ್ತಿಗೆ. “ಮುಚ್ಚಿಹೋದ ಬೇಕರಿಯಿಂದ ತಂದಿದ್ದು. ನಾನು ಮಾಡಿದ್ದು ಹಸಿರು ಬಣ್ಣ ಬಳಿದಿದ್ದಷ್ಟೇ. ನನ್ನ ಯಂತ್ರ ನಿನ್ನ ಕಣ್ಣಿಗೆ ಬಿದ್ದಿದ್ದು ಹೋದ ವಾರ, ಮೇಳದಲ್ಲೇ.”