ಮೂರು ಮಹಡಿ ಹತ್ತಿ ಬನ್ನಿ

"ಕೂತು ಹಿಡ್ಕೊಂಡ್ರೆ ಎಲ್ಲಾ ಕ್ಯಾಮೆರಾನೂ ಹಗುರಾನೇ ಸಾರ್. ಕುತ್ತಿಗೆಗೆ ಹಾಕ್ಕೊಂಡು ಮೂರು ಮಹಡಿ ಹತ್ತಿ ಬನ್ನಿ, ಆಮೇಲೆ ಮಾತಾಡೋಣ" ಎಂದು ಹಳೆ ಕ್ಯಾಮೆರಾ ಅಂಗಡಿಯವನು ಪುಸ್ತಕ ಕಟ್ಟುವ ಬೈಂಡರನ ಕೊರಳಿಗೆ ತಾನೇ ಪಟ್ಟಿ ಹಾಕಿದ. ಅದು ಆ ಅಂಗಡಿಯ ಕಾನೂನು. ಬೆಟ್ಟ ಸುತ್ತುವವರಿಗೆ ಮೆಟ್ಟಿಲು ಹತ್ತಿಸದೆ ಅವನು ಒಂದು ಕ್ಯಾಮೆರಾವನ್ನೂ ಮಾರುತ್ತಿರಲಿಲ್ಲ. ಕೊಂಡವರು ವಾರದೊಳಗೆ ವಾಪಸು ಬಂದು, ಭಾರವೆಂದು ತಲೆ ತಿಂದ ಮೇಲೆ ಕಲಿತ ಬುದ್ಧಿ.

ಬೈಂಡರನಿಗೆ ಭಾರ ಹೊಸದೇನಲ್ಲ. ಆದರೆ ಮೂವತ್ತು ವರ್ಷ ಪುಸ್ತಕಗಳಿಗೆ ದಾರ ಎಳೆದು, ರಟ್ಟು ಒತ್ತಿ, ಅವನ ಬಲಭುಜ ಈಗ ಮುಷ್ಕರ ಹೂಡಿತ್ತು. ಅದರ ಮೇಲೆ ಎಂಟು ವರ್ಷದಿಂದ ಬೆಟ್ಟ ಬೆಟ್ಟಕ್ಕೆ ಹೊತ್ತು ತಿರುಗಿದ ದೊಡ್ಡ ಕ್ಯಾಮೆರಾ, ಮೂರು ಲೆನ್ಸು. ಚೀಲದ ಸಮೇತ ನಾಲ್ಕು ಕಿಲೋ ಇನ್ನೂರು ಗ್ರಾಂ. ಹೆಂಡತಿ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ಹೇಳಿದ್ದಳು. ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಊರಿಗೆಲ್ಲ ಟೀಚರಮ್ಮ, ಗಂಡನಿಗೂ ಟೀಚರಮ್ಮನೇ. "ಒಂದೋ ಅದನ್ನ ಬಿಡಿ, ಇಲ್ಲಾ ಬೆಟ್ಟ ಬಿಡಿ" ಎಂದು ಡಾಕ್ಟರು ಹೇಳಿದ ದಿನವೇ ಅವಳೂ ತೀರ್ಪು ಕೊಟ್ಟಿದ್ದಳು. ಮುಂದಿನ ವಾರ ಅವರ ನಡಿಗೆಯ ತಂಡ ಆರು ದಿನದ ದಾರಿಗೆ ಹೊರಡುವುದಿತ್ತು. "ಹಗುರದ್ದು ಸಿಕ್ರೆ ಇಬ್ರೂ ಹೋಗೋಣ. ಸಿಗದಿದ್ರೆ ನಾನೊಬ್ಳೇ ಹೋಗ್ತೀನಿ."

ಹೇಳಿದಂತೆ ಮಾಡುವವಳೇ ಅವಳು. ಆ ಮಾತು ಬೈಂಡರನಿಗೆ ಚುರುಕ್ ಎಂದಿತ್ತು, ಆದರೆ ತಪ್ಪು ಎನ್ನಿಸಿರಲಿಲ್ಲ. ಎಂಟು ವರ್ಷವೂ ಅವಳ ಕಾಲಿಗೆ ತೊಡರಾದವನು ತಾನೇ ಅಲ್ಲವೆ? ಪ್ರತಿ ತಿರುವಿನಲ್ಲೂ ಅವನು ನಿಲ್ಲಬೇಕು, ಚೀಲ ಇಳಿಸಬೇಕು, ಲೆನ್ಸ್ ಬದಲಿಸಬೇಕು, ಮೋಡ ಸರಿಯುವವರೆಗೆ ಕಾಯಬೇಕು. ತಂಡದವರು ಮುಂದೆ ಹೋಗಿ ಕಣ್ಮರೆಯಾಗುತ್ತಿದ್ದರು. ಟೀಚರಮ್ಮ ಪಕ್ಕದ ಬಂಡೆಯ ಮೇಲೆ ಕೂತು "ಮುಗೀತಾ? ಇನ್ನೂ ಇಲ್ವಾ?" ಎಂದು ಗೊಣಗುತ್ತಿದ್ದಳು. ಪಾಪ, ತನ್ನಿಂದ ಇವಳೂ ಹಿಂದೆ ಬಿದ್ದಳಲ್ಲ ಎಂದು ಅವನು ಪ್ರತಿ ಸಲವೂ ನೊಂದುಕೊಳ್ಳುತ್ತಿದ್ದ. ಈ ಸಲವಾದರೂ ಅವಳಿಗೆ ಸರಿಸಮನಾಗಿ ನಡೆಯಬೇಕು, ಅಷ್ಟೇ ಅವನ ಆಸೆ.

"ನಾನೂ ಬರ್ತೀನಿ. ಇಲ್ಲಾಂದ್ರೆ ಅರ್ಧ ದಾರೀಲಿ ಪಾರಿವಾಳದ ಫೋಟೋ ತೆಗೀತಾ ನಿಂತುಬಿಡ್ತೀರಾ" ಎಂದು ಅಂಗಡಿಯ ಸ್ಟೂಲಿನಿಂದ ಎದ್ದು ಟೀಚರಮ್ಮ ಹಿಂದೆಯೇ ಹೊರಟಳು.

ಕ್ಯಾಮೆರಾದ ಮೂಲೆಗಳಲ್ಲಿ ಬಣ್ಣ ಹೋಗಿತ್ತು, ಹಿಡಿಯ ರಬ್ಬರು ಸವೆದಿತ್ತು. ತೂಕ ಮಾತ್ರ ಎರಡು ಸೇಬಿನಷ್ಟು. ಮೊದಲ ಮಹಡಿಯ ಕಿಟಕಿಯಲ್ಲಿ ಪಾರಿವಾಳ ಇದ್ದೇ ಇತ್ತು. ಬೈಂಡರ್ ನಡೆಯುತ್ತಲೇ ಎತ್ತಿದ, ಒತ್ತಿದ, ಮುಗಿಯಿತು. ಭುಜ ಚಕಾರವೆತ್ತಲಿಲ್ಲ. ಎರಡನೇ ಮಹಡಿ, ಮೂರನೇ ಮಹಡಿ ದಾಟಿದ್ದೇ ತಿಳಿಯಲಿಲ್ಲ. "ನೋಡಿದ್ಯಾ?" ಎಂದು ಹೆಮ್ಮೆಯಿಂದ ತಿರುಗಿದರೆ ಹಿಂದೆ ಯಾರೂ ಇಲ್ಲ.

ಕಂಬಿಯ ಮೇಲಿಂದ ಬಗ್ಗಿ ನೋಡಿದ. ಮೊದಲ ಮಹಡಿಯ ತಿರುವಿನಲ್ಲಿ ಟೀಚರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಎರಡೂ ಕೈ ಮಂಡಿಯ ಮೇಲೆ, ತಲೆ ತಗ್ಗಿತ್ತು, ಬಾಯಿ ತೆರೆದು ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ಆ ಭಂಗಿಯನ್ನು ಅವನು ಎಲ್ಲೋ ನೋಡಿದ್ದ. ಎಲ್ಲೋ ಏನು, ತಾನೇ ತೆಗೆದ ಫೋಟೋಗಳಲ್ಲಿ! ಬಂಡೆಯ ಮೇಲೆ, ಮರದ ಬೇರಿನ ಮೇಲೆ, ಮೈಲಿಗಲ್ಲಿನ ಮೇಲೆ. ಬೆಟ್ಟದ ದಾರಿಯಲ್ಲಿ ಅವಳು ನಿಂತಿರುವ ಒಂದು ಫೋಟೋವೂ ನೆನಪಾಗಲಿಲ್ಲ. ಅಷ್ಟು ಗೊಣಗುವವಳು ಒಂದು ದಿನವೂ ತಂಡದವರ ಜೊತೆ ಮುಂದೆ ಹೋಗಿರಲಿಲ್ಲವಲ್ಲ, ಏಕೆಂದು ಅವನು ಯೋಚಿಸಿದವನೇ ಅಲ್ಲ. ಅವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಅವಳ ಮೇಲೆ ಹೇಳಲಾರದಷ್ಟು ಅಕ್ಕರೆ ಬಂತು.

ಇಳಿಯುವಾಗ ಬೇಕೆಂದೇ ಚಪ್ಪಲಿ ಬಡಿಯುತ್ತ ಇಳಿದ. ಅವನು ತಲುಪುವಷ್ಟರಲ್ಲಿ ಅವಳು ಎದ್ದು ನಿಂತು ಕನ್ನಡಕ ಒರೆಸುತ್ತಿದ್ದಳು.

"ಭಾರ ಆಯ್ತಾ?"

"ಇಲ್ಲ. ಕೊರಳಲ್ಲಿ ಇರೋದೇ ಗೊತ್ತಾಗಲ್ಲ."

"ಸರಿ ಮತ್ತೆ, ತಗೊಂಡುಬಿಡಿ. ಇನ್ಮೇಲೆ ಎಲ್ಲೂ ನಿಲ್ಲೋ ಹಾಗೇ ಇಲ್ಲ" ಎಂದಳು. ಗೆದ್ದ ದನಿಯೇನೂ ಅದಾಗಿರಲಿಲ್ಲ.

ಅಂಗಡಿಯವನು ಕೈ ಉಜ್ಜಿಕೊಳ್ಳುತ್ತ ಕಾಯುತ್ತಿದ್ದ. "ಹೇಗಿದೆ ಸಾರ್? ಕಣ್ಣು ಮಿಟುಕಿಸೋದ್ರಲ್ಲಿ ಫೋಟೋ. ನಡೀತಾ ನಡೀತಾನೇ ತೆಗೀಬಹುದು."

"ಅದೇ ತೊಂದ್ರೆ" ಎಂದ ಬೈಂಡರ್. "ಕ್ಯಾಮೆರಾ ಇದೇ ಇರ್ಲಿ. ಲೆನ್ಸ್ ಬೇರೆ ಕೊಡಿ. ಸ್ವಲ್ಪ ನಿಧಾನದ್ದು."

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಹಾಗೆ ಕೇಳಿದವರನ್ನು ಅಂಗಡಿಯವನು ಕಂಡಿರಲಿಲ್ಲ. ತಲೆ ಕೆರೆದುಕೊಂಡು ಒಳಗೆ ಹೋಗಿ, ಯಾವುದೋ ಕಾಲದ ಪುಟ್ಟ ಲೆನ್ಸೊಂದನ್ನು ಧೂಳು ಊದುತ್ತ ತಂದ. "ಕ್ಯಾಮೆರಾಗೂ ಇದಕ್ಕೂ ನಡುವೆ ಒಂದು ಬಳೆ ಹಾಕಿದ್ರೆ ಇದೂ ಕೂರುತ್ತೆ. ಆದ್ರೆ ಎಲ್ಲಾ ಕೈಯಲ್ಲೇ ತಿರುಗಿಸ್ಬೇಕು, ಯಾರಿಗೂ ತಾಳ್ಮೆ ಇಲ್ಲ. ಒಂದು ಫೋಟೋಗೆ ಮೂರು ನಿಮಿಷ ಹಿಡಿಯುತ್ತೆ ಸಾರ್."

ಎಲ್ಲದಕ್ಕೂ ಅಡ್ಡಮಾತು ತೆಗೆಯುವ ಟೀಚರಮ್ಮ ಈಗ ಸ್ಟೂಲಿನ ಮೇಲೆ ಕೂತು ಗಂಡನನ್ನೇ ನೋಡುತ್ತಿದ್ದಳು. ಅವಳ ಉಸಿರು ಇನ್ನೂ ಪೂರ್ತಿ ಹದಕ್ಕೆ ಬಂದಿರಲಿಲ್ಲ.

ಬೈಂಡರ್ ಲೆನ್ಸನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದ: "ಐದು ನಿಮಿಷದ್ದು ಇಲ್ವಾ?"