ವಾಪಸ್ ಕೊಡಬಾರದ ಲಕೋಟೆ

ಚರ್ಚಿನ ಬೆಳೆ ಹಬ್ಬ. ಆರಾಧನೆ ಮುಗಿದು ಅಂಗಳದಲ್ಲಿ ಕಾಣಿಕೆ ಬಂದ ವಸ್ತುಗಳ ಏಲಂ, ಅಂದರೆ ಹರಾಜು, ಶುರುವಾಗಿತ್ತು…

ಮಂಗಳೂರಿನ ಆ ಸಭೆಯಲ್ಲಿ ಒಂದು ಹಳೆಯ ರೂಢಿ. ಏಲಂನಲ್ಲಿ ಕುಂಬಳಕಾಯಿ ಕೂಗಿ ಹಿಡಿದವರು ಅದನ್ನು ಮನೆಗೆ ಒಯ್ಯುವುದಿಲ್ಲ. ದುಡ್ಡು ಕೊಟ್ಟು, ಕಾಯಿಯನ್ನು ಮತ್ತೆ ಏಲಂಗೇ ಬಿಡುತ್ತಾರೆ.

ಒಂದೇ ಕಾಯಿ ಐದಾರು ಸಲ ಮಾರಾಟವಾಗುತ್ತದೆ… ಚಪ್ಪಾಳೆಯೂ ಅಷ್ಟೇ ಸಲ.

ಏಲಂನಿಂದ ಬರುವ ಈ ವರ್ಷದ ನಿಧಿ, ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ ನಾಲ್ಕು ವರ್ಷ ಕೆಲಸವಿಲ್ಲದೆ ಕೂತ ಒಂಬತ್ತು ಕುಟುಂಬಗಳಿಗೆ.

ಅದರ ಜವಾಬ್ದಾರಿ ಪ್ರಮೀಳಾ ಟೀಚರದು. ಯಾರಿಗೂ ಮುಜುಗರವಾಗದಿರಲಿ ಎಂದು ಅವರೇ ಆ ಒಂಬತ್ತು ಮನೆಗಳಿಗೆ ಹೋಗಿ, ನೀವು ಏಲಂಗೆ ಏನೂ ತರುವುದು ಬೇಡ, ಬಂದು ಊಟ ಮಾಡಿ ಹೋದರೆ ಸಾಕು ಎಂದು ಹೇಳಿ ಬಂದಿದ್ದರು.

ಆದರೂ ಅವರಲ್ಲೊಬ್ಬರಾದ ಎಡ್ವಿನ್ ಕರ್ಕಡ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟಿದ್ದರು.

ಏಲಂ ಕೂಗುವವರು ಅದನ್ನು ಒಡೆದು ಓದಿದರು: "ಒಂದು ದಿನದ ಮಾಡಿನ ಕೆಲಸ. ಚಾವಣಿಯ ಒಡೆದ ಹೆಂಚು ತೆಗೆದು ಸರಿ ಮಾಡಿ ಕೊಡಲಾಗುವುದು. ಎಡ್ವಿನ್."

"ಕುಂಬಳಕಾಯಿಯಾದ್ರೆ ಸಾಂಬಾರಿಗಾದ್ರೂ ಆಗ್ತದೆ. ಎಡ್ವಿನಣ್ಣನನ್ನು ಏನು ಮಾಡುದು ಮಾರಾಯ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಎಡ್ವಿನ್ ಕೂಡ.

ಗುತ್ತಿಗೆದಾರರೊಬ್ಬರು ಲಕೋಟೆ ಹಿಡಿದರು… ವಾಪಸ್ ಬಿಟ್ಟರು. ಬ್ಯಾಂಕಿನವರು ಹಿಡಿದರು… ಅವರೂ ಬಿಟ್ಟರು.

ಹೀಗೆ ಐದು ಸಲ. ಪ್ರತಿ ಸಲವೂ ಎಡ್ವಿನ್ ಕಣ್ಣು ಲಕೋಟೆಯ ಜೊತೆ ಹೋಗುತ್ತಿತ್ತು, ಅದರ ಜೊತೆಯೇ ಮೇಜಿಗೆ ಮರಳುತ್ತಿತ್ತು. ಟೀಚರ್ ಅದನ್ನು ನೋಡಿದರು. ಅರ್ಥ ಮಾತ್ರ ಆಗಲಿಲ್ಲ.

ಆರನೆಯ ಸಲ ಟೀಚರೇ ಕೂಗಿದರು, ಗೆದ್ದರು. ಚರ್ಚಿಗೇ ವಾಪಸ್ ಎನ್ನಲು ಎದ್ದು ನಿಂತರು.

ಅಷ್ಟರಲ್ಲಿ ಎಡ್ವಿನ್ ಎದ್ದರು. ದನಿ ಜೋರಿರಲಿಲ್ಲ.

"ವಾಪಸ್ ಕೊಡ್ಬೇಡಿ ಟೀಚರ್… ಯಾರಾದ್ರೂ ಒಬ್ರು ನನ್ನನ್ನು ಮನೆಗೆ ಕರ್ಕೊಂಡು ಹೋಗಿ."

ಅಂಗಳದಲ್ಲಿ ಚಪ್ಪಾಳೆ ನಿಂತಿತು.

ಟೀಚರ್ ಲಕೋಟೆಯನ್ನು ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡರು. ಮಳೆಗಾಲವಿಡೀ ತಮ್ಮ ಅಡುಗೆಮನೆಯಲ್ಲಿ ಸೋರುವ ನೀರಿಗೆ ಬಕೆಟ್ ಇಟ್ಟದ್ದು ಅವರಿಗೆ ಆಗಲೇ ನೆನಪಾದದ್ದು.

ಸೋಮವಾರ ಎಂಟು ಗಂಟೆಗೆ ಎಡ್ವಿನ್ ಏಣಿಯೊಂದಿಗೆ ಬಂದರು. ಒಡೆದ ಹೆಂಚು ಹನ್ನೊಂದು ಸಿಕ್ಕಿದವು.

ಅವರು ಇನ್ನೂ ಮಾಡಿನ ಮೇಲಿರುವಾಗಲೇ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, "ನಮ್ಮದೂ ಒಂದು ನೋಡ್ಲಿಕ್ಕುಂಟು, ನಾಳೆ ಬರ್ತೀರಾ?" ಎಂದು ಕೇಳಿದರು.

ಎಡ್ವಿನ್ ಕೈಯಲ್ಲಿದ್ದ ಹೆಂಚನ್ನು ಜಾಗಕ್ಕೆ ಕೂರಿಸಿದರು… ಆಮೇಲೆ, "ನಾಳೆ ಪುರುಸೊತ್ತುಂಟು" ಎಂದರು.

ಚರ್ಚಿನ ಊಟದಲ್ಲಿ ಅವರು ಯಾವಾಗಲೂ ಮೊದಲ ಸೌಟಿಗೇ ಸಾಕೆಂದು ಕೈ ಅಡ್ಡ ಹಿಡಿಯುತ್ತಿದ್ದರು. ಅಂದು ಮಧ್ಯಾಹ್ನ ಟೀಚರ ಮನೆಯಲ್ಲಿ, ನಾಲ್ಕು ವರ್ಷಗಳಲ್ಲಿ ಮೊದಲ ಬಾರಿ, ತಟ್ಟೆ ಮುಂದೆ ಸರಿಸಿದರು.

"ಇನ್ನೂ ಸ್ವಲ್ಪ ಅನ್ನ ಹಾಕಿ ಟೀಚರ್."

ಬಡಿಸುವಾಗ ಟೀಚರ ಕಣ್ಣು ಮಂಜಾಯಿತು…

*ಕೊಡುವ ಕೈಗೆ ಪುಣ್ಯ ಸಿಗಬಹುದು… ಆದರೆ ದುಡಿಯುವ ಕೈಗೆ ಬೇಕಾದದ್ದು ಕೆಲಸ.*

ನಾವು ಒಳ್ಳೆಯ ಮನಸ್ಸಿನಿಂದಲೇ ವಾಪಸ್ ಕೊಟ್ಟ ಲಕೋಟೆಗಳು ಎಷ್ಟಿರಬಹುದು?