ಮೂಲೆಯ ಗಿಡ

ಡ್ವೇನ್ ನೆರೆಯವಳ ಹಸಿರುಮನೆಯ ಗಾಂಜಾ ಗಿಡದ ಮೂರು ಕುಡಿ ಕತ್ತರಿಸಿ ಬೂಟಿನೊಳಗೆ ತುರುಕಿಕೊಂಡ. ಅರವತ್ತರ ಗೌರವಸ್ಥ, ಚರ್ಚಿನಲ್ಲಿ ಮೊದಲ ಸಾಲಿನವನು. ಕದ್ದು ಅಭ್ಯಾಸವಿಲ್ಲದ್ದರಿಂದ ಬೆವರು ತುಸು ಜಾಸ್ತಿಯೇ ಬಂತು.

ಬೇರೆ ದಾರಿ ಇರಲಿಲ್ಲ. ಕಳೆದ ವರ್ಷ ಎಲೆಗೆಲ್ಲ ಬಿಳಿ ಪುಡಿ ಹಿಡಿಸುವ ಬೂದಿ ರೋಗ ತಗುಲಿ, ಲೈಸೆನ್ಸ್ ಪಡೆದು ಬೆಳೆದ ಗಾಂಜಾ ಪೂರ್ತಿ ತಿಪ್ಪೆ ಸೇರಿತ್ತು. ಈ ಸಲವೂ ಹಾಗಾದರೆ ಹಂಬೋಲ್ಟ್ ಬೆಟ್ಟದ ಜಮೀನು ಮಾರಿ, ಯುರೀಕಾ ಪೇಟೆಯಲ್ಲಿ ಅಳಿಯನ ಟೈರ್ ಅಂಗಡಿಯಲ್ಲಿ ಕೂರಬೇಕು. ಅಳಿಯನೋ, ಮಾವನ ಅಳತೆಯ ಸಮವಸ್ತ್ರ ಆಗಲೇ ಹೊಲಿಸಿಟ್ಟಿದ್ದ.

ಕೆಳಗಿನ ಇಳಿಜಾರು ರೋವೀನಾಳದು. ಡ್ವೇನನ ಹೊಲದ ಧೂಳೆಲ್ಲ ಅವಳು ಒಗೆದು ಹಾಕಿದ ಬಟ್ಟೆಯ ಮೇಲೆ. ಆರು ವರ್ಷದಿಂದ ಅವಳು ಗಿಡಗಳಿಗೆ ಬೇಕೆಂದೇ ರೋಗ ಹಚ್ಚಿ, ಸೊರಗಿದ್ದನ್ನು ಕಿತ್ತೆಸೆದು, ತಡೆದುಕೊಂಡದ್ದರ ಬೀಜ ಹಿಡಿಯುತ್ತಿದ್ದಳು. ಊರೆಲ್ಲ ನಗುತ್ತಿತ್ತು. ಹೆಚ್ಚು ನಕ್ಕವನು ಡ್ವೇನ್.

ಅವಳ ಹಸಿರುಮನೆಯ ಗಿಡಗಳಲ್ಲೆಲ್ಲ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ. ಮೂಲೆಯ ಗಿಡದಲ್ಲಿ ಮಾತ್ರ ಒಂದೂ ಇಲ್ಲ. ಅದರ ಸುತ್ತ ಬೆಂಕಿಕಡ್ಡಿ ಗೀರಿದಂಥ ವಾಸನೆ. ಡ್ವೇನ್ ವಾಸನೆಗೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ.

"ಆ ಮೂಲೆ ಗಿಡ ಮಾತ್ರ ಮುಟ್ಬೇಡ ಮಾರಾಯ," ಎಂದಿದ್ದಳು ರೋವೀನಾ. "ನನ್ನ ಕೆಲಸ ಎಲ್ಲ ಅದ್ರ ಮೇಲೇ ನಿಂತಿರೋದು. ಕತ್ತರಿ ಅಲ್ಲೇ ಬಿದ್ದಿದೆ, ತುಳಿದುಬಿಟ್ಟೀಯ. ಕಾಫಿ ಮಾಡ್ಕೊಂಡ್ ಬರ್ತೀನಿ, ಅರ್ಧ ಗಂಟೆ ಆಗುತ್ತೆ."

ಕಾಫಿಗೆ ಅರ್ಧ ಗಂಟೆ! ಎಂಥ ಪೆದ್ದಿ, ಎಂದುಕೊಂಡ ಡ್ವೇನ್.

ಜನವರಿಯಲ್ಲಿ ಕದ್ದ ಮೂರು ಕುಡಿ ಬೇಸಿಗೆಯ ಹೊತ್ತಿಗೆ ಮುನ್ನೂರು ಗಿಡವಾದವು. ಹಳೆಯ ತಳಿಯನ್ನೆಲ್ಲ ಕಿತ್ತೆಸೆದ. ಔಷಧ ಹೊಡೆಯುವ ಪಂಪು ಮಾರಿದ. ಅಳಿಯನಿಗೆ ಫೋನ್ ಮಾಡಿ, "ಆ ಸಮವಸ್ತ್ರ ನೀನೇ ಹಾಕ್ಕೊಳಪ್ಪ," ಎಂದ.

ಆಗಸ್ಟಿನಲ್ಲಿ ಮುನ್ನೂರೂ ಗಿಡ ಹಿಟ್ಟಿನ ಗಿರಣಿಯಲ್ಲಿ ನಿಂತಿದ್ದವರಂತೆ ಬೆಳ್ಳಗಾದವು. ಡ್ವೇನ್ ಬೇಲಿಗೂಟ ಹಿಡಿದುಕೊಂಡು ಅತ್ತುಬಿಟ್ಟ. ದೂರು ಕೊಡೋಣವೆಂದರೆ ಯಾರ ಮೇಲೆ, ಏನಂತ?

ರೋವೀನಾ ತಾನಾಗಿಯೇ ಬಂದಳು. ಒಂದು ಎಲೆ ತಿರುಗಿಸಿ ನೋಡಿ, "ನನ್ನ ಮೂಲೆ ಗಿಡ," ಎಂದಳು.

ಡ್ವೇನ್ ತಲೆ ತಗ್ಗಿಸಿದ. "ಅದಕ್ಕೆ ರೋಗ ಬರಲ್ಲ ಅಲ್ವೇನೇ?"

"ಬರಲ್ವಾ? ನನ್ನತ್ರ ಇರೋದ್ರಲ್ಲೇ ಎಲ್ಲಕ್ಕಿಂತ ಮೊದ್ಲು ಬೂದಿ ಹಿಡಿಯೋದು ಅದಕ್ಕೇ. ಬೇರೆ ಗಿಡಗಳಿಗೆ ರೋಗ ಹಚ್ಚೋಕೆ ಅಂತ್ಲೇ ಸಾಕಿದೀನಿ. ವಾರವಾರ ಗಂಧಕ ಹೊಡೆದು ಜೀವ ಹಿಡಿದಿಟ್ಟಿರ್ತೀನಿ."

"ಕತ್ತರಿ ಅಲ್ಲೇ ಬಿಟ್ಟು ಅರ್ಧ ಗಂಟೆ ಕಾಫಿಗೆ ಹೋದ್ಯಲ್ಲ! ಗೊತ್ತಿದ್ದೂ ಕದಿಯೋಕೆ ಯಾಕೆ ಬಿಟ್ಟೆ?"

"ಗಾಳಿ ಬೂದಿ ಹೊತ್ಕೊಂಡು ನಿನ್ನ ಕಡೆಯಿಂದ ನನ್ನ ಕಡೆಗೆ ಬೀಸುತ್ತಲ್ಲ ಡ್ವೇನ್," ಎಂದಳು ರೋವೀನಾ. "ನನ್ನ ಹೊಸ ತಳಿ ಪಾಸೋ ಫೇಲೋ ನೋಡೋಕೆ ಒಂದು ಹೊಲದ ತುಂಬ ರೋಗ ಬೇಕಿತ್ತು, ಅಷ್ಟನ್ನ ಬಿಟ್ಟಿ ಬೆಳೆದುಕೊಡೋನು ನೀನೊಬ್ಬನೇ ಸಿಕ್ಕಿದ್ದು."